ಸಮೂಹ ಗಾಯನ ಮತ್ತು ಮಕ್ಕಳ ಮನಸ್ಸು: ಬಿ.ಎಡ್ ನೋಟ್ಸ್

ಸೋಶಿಯಲ್ ಎಮೋಷನಲ್ ಲರ್ನಿಂಗ್ (ಭಾವನೆ, ಸಂಬಂಧ ನಿಭಾಯಿಸೋದನ್ನ ಕಲಿಯೋದು) ಅಂದ ತಕ್ಷಣ ನಾವೆಲ್ಲ ಅಮೆರಿಕದ ಕ್ಯಾಸೆಲ್ ಸಂಸ್ಥೆಯ ಐದು ಸಾಮರ್ಥ್ಯ ಬಾಯಿಪಾಠ ಒಪ್ಪಿಸ್ತೀವಿ: ತನ್ನನ್ನ ಅರಿಯೋದು, ತನ್ನನ್ನ ಹಿಡಿತದಲ್ಲಿ ಇಟ್ಕೊಳ್ಳೋದು, ಬೇರೆಯವರನ್ನ ಅರ್ಥ ಮಾಡ್ಕೊಳ್ಳೋದು, ಸಂಬಂಧ, ಯೋಚಿಸಿ ನಿರ್ಧಾರ ತಗೊಳ್ಳೋದು. ಇದು ಕ್ಲಾಸಲ್ಲಿ ನಡೆಯೋದು ಹೇಗೆ ಅಂತ ಪರೀಕ್ಷೇಲಿ ಕೇಳಿದ್ರೆ ಸಮೂಹ ಗಾಯನದ ಉದಾಹರಣೆ ಕೊಡಿ, ಆದ್ರೆ ಒಟ್ಟಿಗೆ ಹಾಡಿದ್ರೆ ಒಗ್ಗಟ್ಟು ಬರುತ್ತೆ ಅಂತಷ್ಟೇ ಬರೀಬೇಡಿ. ಬೆಳಗಿನ ಪ್ರಾರ್ಥನೇಲೂ ಎಲ್ರೂ ಒಟ್ಟಿಗೇ ಹಾಡ್ತಾರೆ, ಗಂಟಲು ಜೋರಿರೋರದ್ದೇ ಕೇಳುತ್ತೆ, ಪಕ್ಕದವನ ದನಿ ಯಾರಿಗೂ ಬೇಕಿಲ್ಲ. ಈ ಗುಣಗಳು ಬರೋದು ಪಕ್ಕದವರ ದನಿ ಕೇಳಿಸ್ಕೊಂಡು ಹಾಡೋದ್ರಿಂದ.

ಉಸಿರಿನ ವಿಷಯಾನೇ ನೋಡಿ. ಒಂದು ಉದ್ದದ ಸಾಲು ಒಂದೇ ಉಸಿರಲ್ಲಿ ಯಾವ ಮಗೂಗೂ ಆಗಲ್ಲ, ಅದಕ್ಕೆ ಸರದಿ ಉಸಿರು ಕಲಿಸ್ತಾರೆ, ಅಂದ್ರೆ ಪಕ್ಕದವಳು ಉಸಿರು ತಗೊಳ್ವಾಗ ನೀನು ತಗೋಬೇಡ, ಸಾಲಿನ ಕೊನೇಲಿ ಬೇಡ, ಸ್ವರ ಎಳೀತಿರೋವಾಗ ನಡುವೆ ಮೆಲ್ಲಗೆ ಬಿಟ್ಟು ಮತ್ತೆ ಮೆಲ್ಲಗೇ ಸೇರ್ಕೋ. ಸಾಲು ಎಲ್ಲೂ ತುಂಡಾಗಲ್ಲ. ನಾನು ನಿಲ್ಲಿಸಿದಾಗ ಇನ್ನೊಬ್ಬರು ಹಿಡ್ಕೊಂಡಿರ್ತಾರೆ ಅನ್ನೋ ಭರವಸೆ ಮಗೂಗೆ ಮೈಯಲ್ಲೇ ಗೊತ್ತಾಗುತ್ತೆ, ಭಾಷಣ ಬೇಕಾಗಲ್ಲ.

ಸಂಶೋಧನೆ ಬೇಕಂದ್ರೆ ಎರಡು ನೆನಪಿಟ್ಕೊಳ್ಳಿ. 2013ರಲ್ಲಿ ಸ್ವೀಡನ್ನಿನ ಗೋಥೆನ್‌ಬರ್ಗ್‌ನಲ್ಲಿ 18 ವರ್ಷದವರನ್ನ ಒಟ್ಟಿಗೆ ಹಾಡಿಸಿದಾಗ, ಉಸಿರಾಟ ಹಾಡಿನ ಸಾಲಿಗೆ ಹೊಂದ್ಕೊಂಡಂತೆ ಎದೆಬಡಿತದ ಏರಿಳಿತಾನೂ ಒಟ್ಟಾಯ್ತು. 2015ರ ಬ್ರಿಟನ್ ಅಧ್ಯಯನದಲ್ಲಿ ಹಾಡಿನ ಕ್ಲಾಸಿನವರು ಕರಕುಶಲ, ಬರವಣಿಗೆ ಕ್ಲಾಸಿನವರಿಗಿಂತ ಬೇಗ ಹತ್ತಿರ ಆದ್ರು, ಏಳು ತಿಂಗಳ ಕೊನೆಗೆ ಎಲ್ಲಾ ಗುಂಪೂ ಸಮ. ಈ ಎರಡರಲ್ಲೂ ಹಾಡಿದವರೆಲ್ಲ ದೊಡ್ಡವರು, ಹಾಗಾಗಿ ಮಕ್ಕಳಿಗೂ ಇಷ್ಟೇ ಅಂತ ಬರೆದು ಮಾರ್ಕ್ಸ್ ಕಳ್ಕೋಬೇಡಿ.

ನನಗೆ ತುಂಬ ಮುಖ್ಯ ಅನಿಸೋದು ಏಳು ಎಂಟನೇ ಕ್ಲಾಸಿನ ಹುಡುಗರು. ಧ್ವನಿಪೆಟ್ಟಿಗೆ ಬೆಳೆದು ದನಿ ಹೆಚ್ಚುಕಡಿಮೆ ಒಂದು ಸ್ಥಾಯಿ (ಮೇಲಿನ 'ಸ'ದಿಂದ ಕೆಳಗಿನ 'ಸ'ದವರೆಗಿನಷ್ಟು) ಕೆಳಗಿಳಿಯೋ ವಯಸ್ಸು, ಹಾಡ್ತಾ ಹಾಡ್ತಾ ಒಡೆಯುತ್ತೆ, ಕ್ಲಾಸೆಲ್ಲ ನಗುತ್ತೆ, ಹಿಂದಿನ ವರ್ಷ ಮುಂದಿನ ಸಾಲಲ್ಲಿದ್ದವನು ಹಿಂದೆ ಹೋಗಿ ಸುಮ್ನೆ ನಿಂತ್ಕೊಳ್ತಾನೆ. ಆಗ ಟೀಚರ್ "ಬರೀ ಬಾಯಿ ಆಡಿಸು" ಅಂದ್ರೆ ಅವನು ಹಾಡೋದನ್ನೇ ಬಿಡಬಹುದು. ದನಿ ಯಾಕೆ ಒಡೆಯುತ್ತೆ ಅಂತ ಇಡೀ ಕ್ಲಾಸಿಗೆ ಮೊದಲೇ ಹೇಳಿ, ಶ್ರುತಿ ಇಳಿಸಿ, ಅವನಿಗೆ ಎಟಕೋ ನಾಲ್ಕೈದು ಸ್ವರದಲ್ಲೇ ಒಂದು ಕೆಳದನಿಯ ಭಾಗ ಕಟ್ಟಿಕೊಡಿ, ಮತ್ತೆ ಒಂದೆರಡು ತಿಂಗಳಿಗೊಮ್ಮೆ ದನಿ ಎಲ್ಲಿಗೆ ಬಂತು ಅಂತ ಒಬ್ಬನನ್ನೇ ಕರೆದು ಹಾಡಿಸಿ ಕೇಳಿ, ಎಲ್ಲರ ಮುಂದೆ ಅಲ್ಲ.