ಉಷ್ಣರಾಶಿ: ಗೋಡೆ ಹಿಡಿದಿಡುವ ಬಿಸಿ

ಬೇಸಿಗೆಯ ರಾತ್ರಿ, ಹತ್ತು ಗಂಟೆ. ಹೊರಗೆ ಗಾಳಿ ತಂಪಾಗಿದೆ. ಒಳಗೆ ಮಂಚದ ಪಕ್ಕದ ಗೋಡೆಗೆ ಅಂಗೈ ಇಟ್ಟರೆ ಬೆಚ್ಚಗೆ ತಾಗುತ್ತದೆ. ಫ್ಯಾನ್ ಹಾಕಿದರೆ ಚಾವಣಿಯ ಧಗೆಯೇ ಕೆಳಗಿಳಿದು ಬರುತ್ತದೆ. ಹೊತ್ತು ಮುಳುಗಿ ಎಷ್ಟೋ ಗಂಟೆಯಾದ ಮೇಲೆ ಈ ಬಿಸಿ ಬಂದದ್ದಾದರೂ ಎಲ್ಲಿಂದ? ಮಧ್ಯಾಹ್ನ ಪಡುವಣ ಗೋಡೆಯ ಹೊರಮೈಗೆ ಬಿದ್ದ ಬಿಸಿಲು ಇಟ್ಟಿಗೆಯೊಳಗೆ ನಿಧಾನವಾಗಿ ಸಾಗಿ, ಈಗ ಒಳಮೈಯನ್ನು ಮುಟ್ಟಿದೆ. ಹೀಗೆ ಶಾಖವನ್ನು ಹೀರಿ, ಹಿಡಿದಿಟ್ಟುಕೊಂಡು, ತಡವಾಗಿ ಬಿಟ್ಟುಕೊಡುವ ಭಾರದ ಸಾಮಗ್ರಿಯೇ ಉಷ್ಣರಾಶಿ. ವಾಸ್ತುಶಿಲ್ಪಿಗಳ ಬಾಯಲ್ಲಿ ಇದು ಥರ್ಮಲ್ ಮಾಸ್.

ರಾಶಿ ಎಂದೊಡನೆ ಗುಡ್ಡೆ ಹಾಕಿದ ವಸ್ತು ಕಣ್ಣಿಗೆ ಬರುತ್ತದೆ. ಇಲ್ಲಿರುವುದು ದ್ರವ್ಯರಾಶಿಯ ರಾಶಿ, ಅಂದರೆ ತೂಕಕ್ಕೆ ಕಾರಣವಾಗುವ ದ್ರವ್ಯ. ಮೂರು ಮೀಟರ್ ಉದ್ದ, ಮೂರು ಮೀಟರ್ ಎತ್ತರ, 23 ಸೆಂಟಿಮೀಟರ್ ದಪ್ಪದ ಒಂದು ಇಟ್ಟಿಗೆ ಗೋಡೆಯನ್ನು ತೆಗೆದುಕೊಳ್ಳಿ. ಅದರ ತೂಕ ಮೂರೂವರೆ ಟನ್ನಿಗೂ ಮೇಲೆ. ಅದು ಒಂದು ಡಿಗ್ರಿ ಬಿಸಿಯಾಗಬೇಕಾದರೆ ಸುಮಾರು 3,000 ಕಿಲೋಜೂಲ್ ಶಾಖ ಬೇಕು. ಅದೇ ಅಳತೆಯ ಕೋಣೆಯೊಳಗಿನ ಗಾಳಿಯನ್ನೆಲ್ಲ ಒಂದು ಡಿಗ್ರಿ ಬಿಸಿ ಮಾಡಲು 33 ಕಿಲೋಜೂಲ್ ಸಾಕು. ಒಂದೇ ಒಂದು ಗೋಡೆ ಕೋಣೆಯ ಗಾಳಿಗಿಂತ ಸುಮಾರು ನೂರು ಪಟ್ಟು ಶಾಖವನ್ನು ನುಂಗಬಲ್ಲದು! ಈ ಲೆಕ್ಕವನ್ನು ಮೊದಲ ಸಲ ಹಾಕಿದಾಗ, ಕೋಣೆ ತಂಪಾಗಿರುವುದೋ ಸೆಕೆಯಾಗಿರುವುದೋ ಗಾಳಿಗಿಂತ ಗೋಡೆಯ ಕೈಯಲ್ಲೇ ಹೆಚ್ಚು ಇದೆ ಎಂಬುದು ನನಗೆ ಸ್ಪಷ್ಟವಾಯಿತು.

ಉಷ್ಣರಾಶಿಯನ್ನು ಉಷ್ಣನಿರೋಧಕದ ಜೊತೆ ಬೆರೆಸಿ ಮಾತನಾಡುವವರು ಬಹಳ. ದಪ್ಪ ಗೋಡೆ ಕಟ್ಟಿದರೆ ಬಿಸಿಲು ಒಳಗೆ ಬರುವುದಿಲ್ಲ ಎಂದು ನಂಬಿ ಹಣ ಸುರಿಯುತ್ತಾರೆ. ಬಿಸಿ ಬರುತ್ತದೆ, ತಡವಾಗಿ ಬರುತ್ತದೆ ಅಷ್ಟೆ. 23 ಸೆಂಟಿಮೀಟರ್ ಇಟ್ಟಿಗೆ ಗೋಡೆಯನ್ನು ದಾಟಲು ಅದಕ್ಕೆ ಸುಮಾರು ಆರೇಳು ಗಂಟೆ ಹಿಡಿಯುತ್ತದೆ. ತಡೆಯುವ ಕೆಲಸ ನಿರೋಧಕದ್ದು. ಐದು ಸೆಂಟಿಮೀಟರ್ ಥರ್ಮೊಕೋಲ್ ಹಾಳೆ ಒಡ್ಡುವ ತಡೆಯನ್ನು ಇಟ್ಟಿಗೆಯಿಂದಲೇ ಪಡೆಯಬೇಕೆಂದರೆ ಗೋಡೆ ಹೆಚ್ಚುಕಡಿಮೆ ಒಂದು ಮೀಟರ್ ದಪ್ಪವಾಗಬೇಕು. ಆದರೆ ಆ ಹಾಳೆಗೆ ಶಾಖವನ್ನು ಕೂಡಿಡುವ ಶಕ್ತಿ ಇಲ್ಲವೇ ಇಲ್ಲ ಎನ್ನಬಹುದು. ಎರಡೂ ಬೇಕಾದ ಕಡೆ ನಿರೋಧಕ ಹೊರಗಿರಬೇಕು, ಭಾರದ ಗೋಡೆ ಒಳಗಿರಬೇಕು. ಅದಲು ಬದಲಾದರೆ ಗೋಡೆಗೂ ಕೋಣೆಗೂ ಸಂಬಂಧವೇ ಕಡಿದುಹೋಗುತ್ತದೆ.

ಹಾಗಾದರೆ ಹೊಸ ಮನೆಗೆ ಉಷ್ಣರಾಶಿ ಒಳ್ಳೆಯದೇ? ಉತ್ತರ ನಿವೇಶನದ ಹವೆಯಲ್ಲಿದೆ. ನಕ್ಷೆ ಬರೆಸುವ ಮೊದಲು ಆ ಜಾಗದ ಅತಿ ಬಿಸಿಯ ತಿಂಗಳಿನ ದೈನಿಕ ಗರಿಷ್ಠ ಮತ್ತು ಕನಿಷ್ಠ ತಾಪಮಾನವನ್ನು ನೋಡಿ. ಎರಡರ ನಡುವೆ ಹತ್ತು ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚು ಅಂತರವಿದ್ದರೆ ಮಣ್ಣು, ಕಲ್ಲು, ಇಟ್ಟಿಗೆಯ ಮನೆ ಸೊಗಸಾಗಿ ಕೆಲಸ ಮಾಡುತ್ತದೆ. ಹಗಲಿನ ಬಿಸಿಯನ್ನು ಗೋಡೆ ನುಂಗುತ್ತದೆ, ರಾತ್ರಿಯ ತಂಪು ಅದನ್ನು ಹೊರಹಾಕುತ್ತದೆ. ಅಂತರ ಆರು ಡಿಗ್ರಿಗಿಂತಲೂ ಕಡಿಮೆಯಿರುವ ಕಡಲ ತಡಿಯಂಥ ಕಡೆ ಗೋಡೆಗೆ ಆ ಬಿಡುವೇ ಸಿಗುವುದಿಲ್ಲ. ಅಲ್ಲಿ ತೆಳುವಾದ ಹಗುರ ಗೋಡೆ, ಅಗಲವಾದ ಸೂರು, ಎದುರುಬದುರು ಕಿಟಕಿಗಳು ವಾಸಿ. ಎಲ್ಲಿಯೋ ಚೆನ್ನಾಗಿ ಕಂಡ ಮನೆಯನ್ನು ಬೇರೊಂದು ಹವೆಗೆ ಎತ್ತಿ ತಂದು ಕಟ್ಟುವುದನ್ನು ಕಂಡರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ. ಮನೆಯವರು ಆ ತಪ್ಪಿನ ಬೆಲೆಯನ್ನು ವರ್ಷಗಟ್ಟಲೆ ವಿದ್ಯುತ್ ಬಿಲ್ಲಿನಲ್ಲಿ ತೆರುತ್ತಾರೆ.

ಚಳಿ ಸೀಮೆಯಲ್ಲಿ ಇದೇ ಗುಣ ತಿರುಗಿ ನಿಂತು ನೆರವಾಗುತ್ತದೆ. ಕಿಟಕಿಯಿಂದ ಬಿದ್ದ ಬಿಸಿಲನ್ನು ಹಗಲು ನೆಲ ಹೀರಿ ರಾತ್ರಿ ಕೊಡುತ್ತದೆ, ಅದರ ಮೇಲೆ ರತ್ನಗಂಬಳಿ ಹಾಸಿರಬಾರದು ಅಷ್ಟೆ. ಫ್ರಾನ್ಸಿನ ಎಂಜಿನಿಯರ್ ಫೆಲಿಕ್ಸ್ ಟ್ರೋಂಬ್ ಮತ್ತು ವಾಸ್ತುಶಿಲ್ಪಿ ಜಾಕ್ ಮಿಶೆಲ್ 1967ರಲ್ಲಿ ಒಡೆಯೊ ಎಂಬಲ್ಲಿ, ಗಾಜಿನ ಹಿಂದೆ ಕಪ್ಪು ಬಳಿದ ಕಾಂಕ್ರೀಟ್ ಗೋಡೆ ನಿಲ್ಲಿಸಿ ಮನೆಯನ್ನು ಬೆಚ್ಚಗಿಟ್ಟರು. ಅಂಥ ಗೋಡೆಗೆ ಇಂದಿಗೂ ಟ್ರೋಂಬ್ ಗೋಡೆ ಎಂದೇ ಹೆಸರು.

ಖರ್ಚಿನ ವಿಷಯದಲ್ಲಿ ಸಮಾಧಾನದ ಸಂಗತಿಯಿದೆ: ಉಷ್ಣರಾಶಿಯನ್ನು ಬೇರೆಯಾಗಿ ಕೊಳ್ಳಬೇಕಾಗಿಲ್ಲ. ನೆಲ ಮತ್ತು ಒಳಗಿನ ಅಡ್ಡಗೋಡೆಗಳು ಹೇಗೂ ಇದ್ದೇ ಇರುತ್ತವೆ. ಒಂದು ಹಗಲು ರಾತ್ರಿಯ ಚಕ್ರದಲ್ಲಿ ಕೋಣೆಯೊಡನೆ ಶಾಖದ ಕೊಡುಕೊಳ್ಳುವಿಕೆ ನಡೆಸುವುದು ಮೇಲ್ಮೈಯಿಂದ ಸುಮಾರು 10 ಸೆಂಟಿಮೀಟರ್ ಆಳದವರೆಗಿನ ಭಾಗ ಮಾತ್ರ. ಆದ್ದರಿಂದ ತಂಪಿಗೆಂದು ನೆಲವನ್ನು ಅದಕ್ಕಿಂತ ದಪ್ಪ ಮಾಡಿಸುವುದು ದಂಡ. ಆ ಹಣವನ್ನು ಪಡುವಣ ಗೋಡೆಗೆ ನೆರಳು ಕೊಡುವುದಕ್ಕೆ ಹಾಕಿ. ತಾರಸಿಗಂತೂ ಮೊದಲು ಹಾಕಿ: ಇಡೀ ದಿನ ಬಿಸಿಲಿಗೆ ಮೈಯೊಡ್ಡಿದ ಬರಿಯ ಕಾಂಕ್ರೀಟ್ ತಪ್ಪಾದ ಜಾಗದಲ್ಲಿರುವ ಉಷ್ಣರಾಶಿ. ಅದರ ಮೇಲೆ ನಿರೋಧಕದ ಪದರ, ಅದರ ಮೇಲೆ ಬಿಳಿಯ ಹೊದಿಕೆ ಬಿದ್ದರೆ ರಾತ್ರಿಯ ಧಗೆ ಬಹುಮಟ್ಟಿಗೆ ಇಳಿಯುತ್ತದೆ.

ಇಷ್ಟೆಲ್ಲ ಸರಿಯಿದ್ದೂ ಒಂದು ಕಡೆ ಲೆಕ್ಕ ತಪ್ಪುತ್ತದೆ. ಹಗಲಿಡೀ ಬಿಸಿ ನುಂಗಿದ ಗೋಡೆ ರಾತ್ರಿ ಅದನ್ನು ಗಾಳಿಗೆ ಒಪ್ಪಿಸಬೇಕು, ಆ ಗಾಳಿ ಹೊರಗೆ ಹೋಗಬೇಕು. ಕಳ್ಳರ ಭಯಕ್ಕೋ ಸೊಳ್ಳೆಯ ಕಾಟಕ್ಕೋ ಕಿಟಕಿ ಮುಚ್ಚಿಕೊಂಡು ಮಲಗಿದರೆ ಮರುದಿನ ಗೋಡೆ ಅರ್ಧ ತುಂಬಿದ ಹೊಟ್ಟೆಯಲ್ಲೇ ಬಿಸಿಲಿಗೆ ನಿಲ್ಲುತ್ತದೆ. ಗಟ್ಟಿಯಾದ ಸರಳು, ಸೊಳ್ಳೆ ಪರದೆ, ಚಾವಣಿಯ ಹತ್ತಿರ ಒಂದು ಗವಾಕ್ಷಿ: ನಕ್ಷೆಯ ಹಂತದಲ್ಲೇ ಇವುಗಳಿಗೆ ಜಾಗ ಗುರುತಿಸಿರಬೇಕು.