ಜಮೀನು ನಮ್ಮದು, ಮರ ಯಾರದು? ಖಾಸಗಿ ಭೂಮಿ ಮತ್ತು ಅರಣ್ಯ ಕಾನೂನು

ಪಹಣಿಯಲ್ಲಿ ಹೆಸರಿದ್ದರೆ ಮರವೂ ನಮ್ಮದೇ ಎಂದು ನಂಬಿ ಖಾಸಗಿ ಜಮೀನಿನ ಮರಗಳ ಕಾನೂನು ಓದಲು ಕೂತರೆ ಮೊದಲ ಪುಟದಲ್ಲೇ ಗೊಂದಲವಾಗುತ್ತದೆ. ಮರದ ಒಡೆತನ, ಅದನ್ನು ಕಡಿಯುವ ಹಕ್ಕು, ಕಡಿದ ನಾಟಾ ಸಾಗಿಸುವ ಹಕ್ಕು ಈ ಮೂರೂ ಕಾನೂನಿನ ಕಣ್ಣಿಗೆ ಬೇರೆ ಬೇರೆ. ಇದು ಮನಸ್ಸಿನಲ್ಲಿ ಕೂತರೆ ಉಳಿದದ್ದು ಸಲೀಸು.

ಗಂಧದ ಮರವನ್ನೇ ನೋಡಿ. 1792ರಲ್ಲಿ ಟಿಪ್ಪು ಸುಲ್ತಾನ್ ಅದನ್ನು ರಾಜವೃಕ್ಷವೆಂದು ಘೋಷಿಸಿದ. ಅರಸರ ಕಾಲ ಮುಗಿದು 1963ರ ಕರ್ನಾಟಕ ಅರಣ್ಯ ಕಾಯ್ದೆ ಬಂದ ಮೇಲೂ ರೈತನ ಬದುವಿನಲ್ಲಿ ಬೆಳೆದ ಗಂಧ ಸರ್ಕಾರದ್ದೇ ಆಗಿತ್ತು. ಮರ ಸರ್ಕಾರದ್ದು, ಕಾಯುವ ಹೊಣೆ ಮಾತ್ರ ರೈತನದು. ಹಕ್ಕಿಯ ಹಿಕ್ಕೆಯಿಂದ ಬೇಲಿಯಲ್ಲಿ ಮೊಳೆತ ಸಸಿಯನ್ನು ನಾಲ್ಕು ಎಲೆ ಬಿಡುವ ಮೊದಲೇ ಕಿತ್ತೆಸೆಯುವುದು ಕ್ಷೇಮ ಎನಿಸಿದರೆ ಅವನನ್ನು ಹೇಗೆ ದೂರುವುದು? ಮರ ಉಳಿಸಲು ಮಾಡಿದ ಕಾನೂನೇ ಸಸಿಗೆ ಮುಳುವಾಯಿತು ಎಂಬುದು ನನ್ನ ಗಟ್ಟಿ ಅಭಿಪ್ರಾಯ. 2001ರ ತಿದ್ದುಪಡಿ ಜಮೀನಿನವನನ್ನೇ ಗಂಧದ ಮರದ ಒಡೆಯನನ್ನಾಗಿ ಮಾಡಿತು. ಅಲ್ಲಿಂದೀಚೆಗೆ ರೈತರು ತಾವಾಗಿ ಗಂಧ ನೆಡತೊಡಗಿದರು, ಪಕ್ಕದಲ್ಲೇ ತೊಗರಿಯನ್ನೂ ಹಾಕಿದರು. ಗಂಧದ ಬೇರು ನೆರೆಯ ಗಿಡದ ಬೇರಿಗೆ ಅಂಟಿಕೊಂಡು ನೀರು, ಲವಣ ಹೀರುತ್ತದೆ. ಆಸರೆಯ ಗಿಡವಿಲ್ಲದೆ ಅದು ಸೊರಗುತ್ತದೆ. ಒಡೆತನ ಬಂದರೂ ಕಡಿಯಲು ಅನುಮತಿ ಬೇಕೇ ಬೇಕು.

ಬೇರೆ ಮರಗಳಿಗೆ ಮುಖ್ಯವಾದದ್ದು 1976ರ ಕರ್ನಾಟಕ ಮರಗಳ ಸಂರಕ್ಷಣಾ ಕಾಯ್ದೆ. ಅದರ 8ನೇ ಸೆಕ್ಷನ್‌ನಂತೆ ಸ್ವಂತ ಜಮೀನಿನ ಮರವನ್ನೂ ವೃಕ್ಷಾಧಿಕಾರಿಯ (ಈ ಕಾಯ್ದೆಯಡಿ ನೇಮಕವಾದ ಅರಣ್ಯ ಅಧಿಕಾರಿಯ) ಅನುಮತಿ ಇಲ್ಲದೆ ಕಡಿಯುವಂತಿಲ್ಲ. ಒಣಗಿದ, ರೋಗ ತಗುಲಿದ, ಗಾಳಿಗೆ ಬಿದ್ದ, ಜೀವಕ್ಕೋ ಆಸ್ತಿಗೋ ಅಪಾಯ ತರುವ ಮರಕ್ಕೆ ಅನುಮತಿ ನಿರಾಕರಿಸುವಂತಿಲ್ಲ ಎಂಬುದನ್ನೂ ಅದರ ಜೊತೆಗೇ ಓದಿಕೊಳ್ಳಿ. ಕಚೇರಿಗೆ ಅಲೆಯುವ ರೈತನಿಗೆ ನೆರವಾಗುವ ಮಾತು ಅದೇ. ಕಡಿದವರು ಬದಲಿಗೆ ಗಿಡ ನೆಡಬೇಕು. ತೆಂಗು, ನೀಲಗಿರಿ, ಸಿಲ್ವರ್ ಓಕ್, ಸರ್ವೆ, ರಬ್ಬರ್ ಮುಂತಾದವುಗಳಿಗೆ ವಿನಾಯಿತಿ ಇದೆ. ಕಾಫಿ ತೋಟಗಳಲ್ಲಿ ಊರಿನ ಮರಗಳ ಜಾಗಕ್ಕೆ ಸಿಲ್ವರ್ ಓಕ್ ನುಗ್ಗಲು ಈ ವಿನಾಯಿತಿಯೂ ಒಂದು ಕಾರಣ. ಬೆಳೆಗಾರ ಕಡಿಯಬಲ್ಲ ಮರವನ್ನೇ ನೆಡುತ್ತಾನೆ.

ಸಾಗಣೆಗೆ 1969ರ ಅರಣ್ಯ ನಿಯಮಗಳಂತೆ ರಹದಾರಿ, ಅಂದರೆ ಸಾಗಣೆ ಪರವಾನಗಿ, ಬೇಕು. ಮಲೆನಾಡಿನಲ್ಲಿ ಖಾಸಗಿ ಜಮೀನಿನ ಮರಕ್ಕೆ ಮಾಲ್ಕಿ ಎನ್ನುತ್ತಾರೆ. ಜಮೀನು ಸರ್ಕಾರದಿಂದ ಮಂಜೂರಾಗಿದ್ದರೆ ಮಂಜೂರಾತಿ ಆದೇಶದ ಷರತ್ತುಗಳನ್ನು ಮೊದಲು ಓದಬೇಕು. ಆಗಲೇ ನಿಂತಿದ್ದ ಮರಗಳ ಹಕ್ಕನ್ನು ಸರ್ಕಾರ ತನ್ನಲ್ಲೇ ಉಳಿಸಿಕೊಂಡಿರಬಹುದು.

ಇನ್ನು ಪರಿಭಾವಿತ ಅರಣ್ಯ, ಅಂದರೆ ಅಧಿಸೂಚನೆ ಆಗಿರದಿದ್ದರೂ ಕಾಡೆಂದೇ ಪರಿಗಣಿಸುವ ಭೂಮಿ. ಗೋದಾವರ್ಮನ್ ಪ್ರಕರಣದಲ್ಲಿ 1996ರ ಡಿಸೆಂಬರ್ 12ರಂದು ಸುಪ್ರೀಂ ಕೋರ್ಟ್, ಒಡೆತನ ಯಾರದೇ ಇರಲಿ, ನಿಘಂಟಿನ ಅರ್ಥದಲ್ಲಿ ಕಾಡಾಗಿರುವುದಕ್ಕೆ 1980ರ ಅರಣ್ಯ ಸಂರಕ್ಷಣಾ ಕಾಯ್ದೆ ಅನ್ವಯಿಸುತ್ತದೆ ಎಂದಿತು. ಅಂಥ ಭೂಮಿಯನ್ನು ಬೇರೆ ಬಳಕೆಗೆ ಬದಲಾಯಿಸಲು ಕೇಂದ್ರದ ಅನುಮತಿ ಬೇಕು. ಪರಿಭಾವಿತ ಅರಣ್ಯವೆಂದು ಕರ್ನಾಟಕ ಮೊದಲು ಗುರುತಿಸಿದ್ದು ಸುಮಾರು 9.94 ಲಕ್ಷ ಹೆಕ್ಟೇರ್; 2022ರಲ್ಲಿ ಅದು ಸುಮಾರು 3.30 ಲಕ್ಷಕ್ಕೆ ಇಳಿಯಿತು. 2023ರ ಕೇಂದ್ರ ತಿದ್ದುಪಡಿಯು 1980ರ ಕಾಯ್ದೆಯ ವ್ಯಾಪ್ತಿಯನ್ನು ಅಧಿಸೂಚಿತ ಹಾಗೂ ದಾಖಲೆಯಲ್ಲಿರುವ ಅರಣ್ಯಕ್ಕೆ ಸೀಮಿತಗೊಳಿಸಿತು. ಆದರೆ 1996ರ ಅರ್ಥವನ್ನೇ ಸದ್ಯಕ್ಕೆ ಪಾಲಿಸಬೇಕೆಂದು 2024ರ ಫೆಬ್ರವರಿ 19ರಂದು ಸುಪ್ರೀಂ ಕೋರ್ಟ್ ಮಧ್ಯಂತರ ಆದೇಶ ನೀಡಿತು.