ದೂರವನ್ನು ಕಟ್ಟಿಹಾಕಿದ್ದು ತೂಕ

2021ರ ಮೇ 21ರಂದು ವಾಷಿಂಗ್ಟನ್‌ನಲ್ಲಿ ಆಗಿನ ಅಮೆರಿಕ ಅಧ್ಯಕ್ಷ ಜೋ ಬೈಡನ್ ಮತ್ತು ದಕ್ಷಿಣ ಕೊರಿಯಾ ಅಧ್ಯಕ್ಷ ಮೂನ್ ಜೇ-ಇನ್ ಭೇಟಿಯಾದಾಗ, ದಕ್ಷಿಣ ಕೊರಿಯಾದ ಕ್ಷಿಪಣಿಗಳ ಮೇಲೆ 42 ವರ್ಷಗಳಿಂದಿದ್ದ ಅಮೆರಿಕದ ಕಡಿವಾಣ ಕಳಚಿತು. 1978ರಲ್ಲಿ ಕೊರಿಯಾ ತನ್ನ ಮೊದಲ ಕ್ಷಿಪಣಿ ‘ಬೇಕ್‌ಗೊಮ್’ (ಬಿಳಿ ಕರಡಿ) ಹಾರಿಸಿತ್ತು. ಮರುವರ್ಷವೇ ಮಿತಿ ಬಂತು: 180 ಕಿ.ಮೀ. ದೂರ, 500 ಕೆ.ಜಿ. ಸಿಡಿತಲೆ. ರಾಜಧಾನಿ ಸೋಲ್‌ನಿಂದ ಉತ್ತರ ಕೊರಿಯಾದ ರಾಜಧಾನಿ ಪ್ಯಾಂಗ್ಯಾಂಗ್‌ಗೇ ಸುಮಾರು 195 ಕಿ.ಮೀ. ಇದೆ! ದೂರದ ಮಿತಿ 2001ರಲ್ಲಿ 300ಕ್ಕೆ, 2012ರಲ್ಲಿ 800ಕ್ಕೆ ಏರಿತು. 2017ರಲ್ಲಿ ಸಿಡಿತಲೆಯ ತೂಕಕ್ಕಿದ್ದ ಮಿತಿ ಹೋಯಿತು.

ನಿಜವಾದ ಬೀಗ ತೆರೆದದ್ದು ಆಗಲೇ. ಲೆಕ್ಕ ಹಾಕಿ ನೋಡಿ. 10 ಟನ್ ಇಂಧನ, 2 ಟನ್ ಖಾಲಿ ತೂಕ, 2 ಟನ್ ಸಿಡಿತಲೆಯ ಒಂದು ಕಾಲ್ಪನಿಕ ರಾಕೆಟ್. ಹೊರಡುವಾಗ 14 ಟನ್, ಇಂಧನ ಮುಗಿದಾಗ 4. ಅನಿಲ ಸೆಕೆಂಡಿಗೆ 2.4 ಕಿ.ಮೀ. ವೇಗದಲ್ಲಿ ಹೊರನುಗ್ಗಿದರೆ, ಗಾಳಿ ಮತ್ತು ಗುರುತ್ವದಿಂದಾಗುವ ನಷ್ಟವನ್ನು ಲೆಕ್ಕಕ್ಕೆ ಹಿಡಿಯದಿದ್ದರೆ, ರಾಕೆಟ್ಟಿಗೆ ಸಿಗುವ ವೇಗ ಸೆಕೆಂಡಿಗೆ ಸುಮಾರು 3 ಕಿ.ಮೀ. ಸಿಡಿತಲೆಯನ್ನು ಅರ್ಧ ಟನ್ನಿಗೆ ಇಳಿಸಿದರೆ ಅದೇ ರಾಕೆಟ್ 3.9ರ ಹತ್ತಿರ ಹೋಗುತ್ತದೆ. ದೂರ ಬೆಳೆಯುವುದು ವೇಗದ ವರ್ಗಕ್ಕೆ ತಕ್ಕಂತೆ, ಅಂದರೆ 1.6 ಪಟ್ಟಿಗೂ ಹೆಚ್ಚು. 2 ಟನ್ ಹೊತ್ತು 800 ಕಿ.ಮೀ. ಹಾರಬಲ್ಲದ್ದನ್ನು ಕಟ್ಟಲು ಬಿಟ್ಟ ಮೇಲೆ, ‘800 ದಾಟಬೇಡ’ ಎಂಬುದು ಕಾಗದದ ಮಾತಷ್ಟೇ.

ಇನ್ನೊಂದು ಬೀಗ ಘನ ಇಂಧನದ್ದು. ಅಮೋನಿಯಂ ಪರ್ಕ್ಲೋರೇಟ್ ಸುಮಾರು 70%, ಅಲ್ಯೂಮಿನಿಯಂ ಪುಡಿ 15–18%, ಉಳಿದದ್ದು ರಬ್ಬರಿನಂಥ ಅಂಟು. ನಿರ್ವಾತದಲ್ಲಿ ಕಲಸಿ, ಕವಚಕ್ಕೆ ಎರೆದು, ಹದವಾದ ಬಿಸಿಯಲ್ಲಿ ದಿನಗಟ್ಟಲೆ ಗಟ್ಟಿಯಾಗಲು ಬಿಡಬೇಕು. ಒಳಗೆ ಸಣ್ಣ ಬಿರುಕಿದ್ದರೂ ಉರಿಯುವ ಮೇಲ್ಮೈ ಒಮ್ಮೆಲೇ ಹಿಗ್ಗಿ, ಒತ್ತಡವೇರಿ ಕವಚ ಸಿಡಿಯುತ್ತದೆ. ಅದಕ್ಕೇ ಎಕ್ಸ್‌-ರೇ ತಪಾಸಣೆ. ಇಷ್ಟೆಲ್ಲ ಕಷ್ಟಪಟ್ಟರೂ ಲಾಭವಿದೆ: −183 ಡಿಗ್ರಿಯ ದ್ರವ ಆಮ್ಲಜನಕ ತುಂಬಿಸುತ್ತ ಕೂರಬೇಕಿಲ್ಲ, ತಿಂಗಳುಗಟ್ಟಲೆ ಸಜ್ಜಾಗಿಟ್ಟು ಬೇಕೆಂದಾಗ ಹಾರಿಸಬಹುದು. ಅಮೆರಿಕಕ್ಕೆ ಅಳುಕು ಹುಟ್ಟಿಸಿದ್ದೂ ಈ ಗುಣವೇ.

ಹಾಗಾಗಿ ಉಪಗ್ರಹ ಒಯ್ಯುವ ಘನ ರಾಕೆಟ್ಟಿಗೂ 10 ಲಕ್ಷ ಪೌಂಡ್-ಸೆಕೆಂಡ್ ಒಟ್ಟು ನೂಕಿನ (ನೂಕುಬಲವನ್ನು ಉರಿಯುವ ಸೆಕೆಂಡುಗಳಿಂದ ಗುಣಿಸಿದ್ದು) ಮಿತಿಯಿತ್ತು. ಇಂಧನಕ್ಕೆ ಇಳಿಸಿದರೆ ಪೌಣೆ ಎರಡು ಟನ್ನಿನಷ್ಟು. ನಮ್ಮ ಪಿಎಸ್‌ಎಲ್‌ವಿಯ ಮೊದಲ ಹಂತದಲ್ಲಿರುವುದು 138 ಟನ್! ಕೊರಿಯಾದ ‘ನಾರೋ’ ರಾಕೆಟ್ಟಿಗೆ ಮೊದಲ ಹಂತ ರಷ್ಯಾದಿಂದ ಬಂತು. ಆಮೇಲಿನ ‘ನೂರಿ’ ರಾಕೆಟ್ಟಿಗೆ 75 ಟನ್ ನೂಕುಬಲದ ದ್ರವ ಎಂಜಿನ್‌ಗಳನ್ನು ತಾವೇ ಕಟ್ಟಿದರು.

ಈ ಘನ ಇಂಧನದ ಮಿತಿಯನ್ನು 2020ರ ಜುಲೈನಲ್ಲೇ ತೆಗೆದಿದ್ದರು. 2023ರ ಡಿಸೆಂಬರ್ 4ರಂದು ಜೇಜು ದ್ವೀಪದ ಬಳಿ, ಸಮುದ್ರದ ಮೇಲಿನ ವೇದಿಕೆಯಿಂದ ಎದ್ದ ಘನ ಇಂಧನದ ರಾಕೆಟ್ ಸುಮಾರು 100 ಕೆ.ಜಿ.ಯ ರೇಡಾರ್ ಉಪಗ್ರಹವನ್ನು 650 ಕಿ.ಮೀ. ಎತ್ತರದ ಕಕ್ಷೆಗೆ ಸೇರಿಸಿತು.